ಹೊಸ ಸ್ನೋಮೊಬೈಲ್‌ಗೆ ಮೊದಲ ಆಯಿಲ್ ಚೇಂಜ್ ಯಾವಾಗ ಮಾಡಿಸಬೇಕು?

ಮೊದಲು ಹಿಮದ ಮೇಲೆ ಓಡೋ ನಿಮ್ಮ ಈ ಗಾಡಿ ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ ನೋಡಿ. ಟೂ ಸ್ಟ್ರೋಕ್ ಆದರೆ ಎಂಜಿನ್ ಆಯಿಲ್ ಬದಲಾಯಿಸೋ ಮಾತೇ ಇಲ್ಲ, ಅದು ಪೆಟ್ರೋಲ್ ಜೊತೆಗೇ ಉರಿದುಹೋಗುತ್ತದೆ, ಆಯಿಲ್ ಟ್ಯಾಂಕ್ ಖಾಲಿಯಾಗದಂತೆ ತುಂಬಿಸುತ್ತಿದ್ದರೆ ಸಾಕು.

ಫೋರ್ ಸ್ಟ್ರೋಕ್ ಆದರೆ ಮ್ಯಾನ್ಯುಯಲ್ ಹೇಳಿದ ಲೆಕ್ಕವೇ ಕೊನೆ ಮಾತು. ಯಮಹಾ ಫೋರ್ ಸ್ಟ್ರೋಕ್‌ಗಳಿಗೆ ಸಾಮಾನ್ಯವಾಗಿ ಮೊದಲನೆಯದು 800 ಕಿ.ಮೀ.ಗೆ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು, ಗೇರು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಸಣ್ಣ ಲೋಹದ ಪುಡಿ ಉದುರುತ್ತದೆ. ತೆಗೆದ ಆಯಿಲನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಮಿನುಗೋದು ಕಾಣಬಹುದು, ಅದಕ್ಕೆ ಗಾಬರಿ ಬೇಡ, ಆದರೆ ಚೂರುಗಳು ಸಿಕ್ಕರೆ ಸುಮ್ನೆ ಬಿಡಬೇಡಿ. ಫಿಲ್ಟರ್ ಕೂಡ ಬದಲಾಯಿಸಿ. ಎಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ ಹಳೇ ಆಯಿಲ್ ಇಳಿಸಿ, ಕೊರೆಯೋ ಚಳಿಯಲ್ಲಿ ಅದು ಜೇನುತುಪ್ಪದ ಹಾಗೆ ಗಟ್ಟಿಯಾಗಿರುತ್ತದೆ ಅಲ್ವಾ.

ಹಾಂ, ಚೈನ್‌ಕೇಸ್ (ಎಂಜಿನ್ ಶಕ್ತಿಯನ್ನು ಟ್ರ್ಯಾಕ್‌ಗೆ ದಾಟಿಸೋ ಚೈನ್ ಇರೋ ಪೆಟ್ಟಿಗೆ) ಆಯಿಲ್ ಬೇರೆ, ಟೂ ಸ್ಟ್ರೋಕ್‌ನವರೂ ಅದನ್ನು ಮರೆಯಬೇಡಿ.