ವಿಚಾರಣೆ ಮುಗಿಯಲಿ ಅಂತೀರಾ?

ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ಓದುಗರೊಬ್ಬರ ಪತ್ರ: ‘ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಕೇಸಿನ ಬಗ್ಗೆ ನೀವು ಬರೆದದ್ದು ಓದಿದೆ. ಮಾಲೀಕ ತೆಗೆದುಹಾಕಿದವರನ್ನು, ವಿಚಾರಣೆ ಮುಗಿಯುವ ಮೊದಲೇ ಕೋರ್ಟು ಮತ್ತೆ ಕೆಲಸಕ್ಕೆ ಸೇರಿಸುವುದು ಯಾವ ನ್ಯಾಯ?’

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಸಣ್ಣ ವರ್ಕ್‌ಶಾಪಿನಲ್ಲಿ, ತೆಗೆದುಹಾಕಿದವನ ಮುಖವನ್ನೇ ಮತ್ತೆ ದಿನಾ ನೋಡುವುದು ಸುಲಭವಲ್ಲ. ಕಳ್ಳತನ ಮಾಡಿದವನನ್ನು ಇಟ್ಟುಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ಅಷ್ಟು ಒಪ್ಪಿದೆ. ಇನ್ನು ಜಗಳ.

ಟೆನೆಸ್ಸೀ ರಾಜ್ಯದ ಮೆಂಫಿಸ್‌ನ ಒಂದು ಸ್ಟಾರ್‌ಬಕ್ಸ್ ಅಂಗಡಿಯಲ್ಲಿ 2022ರ ಜನವರಿಯಲ್ಲಿ ಯೂನಿಯನ್ ಕಟ್ಟುವ ಸುದ್ದಿ ಹೊರಬಿತ್ತು. ಫೆಬ್ರವರಿಯಲ್ಲಿ ಏಳು ಜನರನ್ನು ತೆಗೆದರು. ಅಂಗಡಿ ಮುಚ್ಚಿದ ಮೇಲೆ ಟಿವಿಯವರನ್ನು ಒಳಗೆ ಬಿಟ್ಟುಕೊಂಡರು, ಸುರಕ್ಷತೆಯ ನಿಯಮ ಮುರಿದರು ಎಂಬುದು ಕಂಪನಿಯ ದೂರು. ಇಂಥ ದೂರು ವಿಚಾರಿಸುವ ಅಲ್ಲಿನ ಸರ್ಕಾರಿ ಸಂಸ್ಥೆ, ಕಾರ್ಮಿಕ ಸಂಬಂಧಗಳ ರಾಷ್ಟ್ರೀಯ ಮಂಡಳಿ, ಕೋರ್ಟಿಗೆ ಹೋಯಿತು. ಮಂಡಳಿಯ ಮುಂದೆ ಕೇಸು ಮುಗಿಯುವ ತನಕ ಅವರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು ಎಂಬುದು ಅದರ ಬೇಡಿಕೆ. ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶೆ ಶೆರಿಲ್ ಲಿಪ್‌ಮನ್ ಹಾಗೇ ಆದೇಶ ಕೊಟ್ಟರು. ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು. ಆದರೆ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಬೇರೆ ತಾತ್ಕಾಲಿಕ ಆದೇಶಗಳಿಗೆ ಇರುವ ಕಟ್ಟುನಿಟ್ಟಿನ ಒರೆಗಲ್ಲೇ ಇದಕ್ಕೂ ಇರಬೇಕು, ಮಂಡಳಿಗೆ ರಿಯಾಯಿತಿ ಇಲ್ಲ ಎಂದಿತು. ಅಂದರೆ ಈ ಸುತ್ತು ಗೆದ್ದಿದ್ದು ನಿಮ್ಮ ಪಕ್ಷ. ಆದರೂ ಸಿಟ್ಟು ಇಳಿದಿಲ್ಲ!

ನೀವು ತೆಗೆದುಹಾಕಿದವನನ್ನು ಮಾತ್ರ ನೋಡುತ್ತಿದ್ದೀರಿ. ಒಳಗೆ ಉಳಿದವರನ್ನು ನೋಡಿ. ಮುಂದಾಳನ್ನು ಗೇಟಿನಾಚೆ ಹಾಕಿದರೆ ಮರುದಿನ ಯೂನಿಯನ್ ಚಂದಾ ಕೊಡುವವರು ಯಾರು? ವರ್ಷಗಟ್ಟಲೆ ಅಲೆದು ಅವನು ಗೆದ್ದು ಬರುವಷ್ಟರಲ್ಲಿ ಯೂನಿಯನ್ನೇ ಇರುವುದಿಲ್ಲ.

ನನಗೆ ಪರಿಚಯದ ಲೇತ್ ಕೆಲಸಗಾರರೊಬ್ಬರಿದ್ದರು. ಡಿಸ್ಮಿಸ್ ಆದ ಮೇಲೂ ಫ್ಯಾಕ್ಟರಿ ಎದುರಿನ ಟೀ ಅಂಗಡಿಗೆ ಹೋಗುತ್ತಿದ್ದರು. ಇವರು ಬಂದರೆ ಹಳೆಯ ಗೆಳೆಯರು ಗ್ಲಾಸು ಹಿಡಿದು ಅತ್ತ ಸರಿಯುತ್ತಿದ್ದರಂತೆ, ಮ್ಯಾನೇಜರ್ ಕಣ್ಣಿಗೆ ಬಿದ್ದರೆ ಅಂತ. ಕೇಸು ಗೆಲ್ಲುವಾಗ ನಿವೃತ್ತಿಯ ವಯಸ್ಸು ದಾಟಿತ್ತು. ಒಂದಿಷ್ಟು ದುಡ್ಡು ಸಿಕ್ಕಿತು, ಲೇತ್ ಸಿಗಲಿಲ್ಲ.

ನಮ್ಮವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಗೆ ಆಮೇಲೆ 17ಬಿ ಎಂಬ ಕಲಂ ಸೇರಿಸಿದರು. ಲೇಬರ್ ಕೋರ್ಟು ವಾಪಸ್ ತೆಗೆದುಕೊಳ್ಳಿ ಎಂದ ಮೇಲೆ ಮಾಲೀಕ ಹೈಕೋರ್ಟಿಗೆ ಹೋದರೆ, ಅಲ್ಲಿ ಕೇಸು ಮುಗಿಯುವವರೆಗೆ ಸಂಬಳ ಕೊಡಬೇಕಿತ್ತು. ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಕೆಲಸಗಾರ ಅಫಿಡವಿಟ್ ಹಾಕಬೇಕಿತ್ತು. ಒಳ್ಳೆಯದೇ. ಆದರೆ ಕೊಡಬೇಕಾಗಿದ್ದದ್ದು ಅವನು ಕೊನೆಗೆ ಪಡೆದ ಸಂಬಳ. ಅಕ್ಕಿಯ ಬೆಲೆಯೂ ಅಲ್ಲೇ ನಿಂತಿರುತ್ತದೆಯೇ? ಅದೂ ಲೇಬರ್ ಕೋರ್ಟಿನಲ್ಲಿ ಗೆದ್ದ ಮೇಲಿನ ಮಾತು. ಅದಕ್ಕೆ ಮೊದಲಿನ ವರ್ಷಗಳ ಗೊಡವೆ ಆ ಕಲಂಗೆ ಇರಲಿಲ್ಲ.

ವಾಯಿದೆಯ ವಿಷಯ ಎತ್ತಿದರೆ ನನ್ನ ಬಿಪಿ ಜಾಸ್ತಿಯಾಗುತ್ತದೆ. ಜಮೀನಿನ ಕೇಸು, ಪಿಂಚಣಿ ಕೇಸು, ಯಾವುದಾದರೂ ಇದೇ ಗೋಳು. ತಡವಾದಷ್ಟೂ ದುಡ್ಡಿದ್ದವನಿಗೆ ಅನುಕೂಲ. ಇಲ್ಲದವನಿಗೆ ವಾಯಿದೆಯ ದಿನ ಕೂಲಿಯೂ ಇಲ್ಲ, ಬಸ್ ಚಾರ್ಜೂ ಕೈಯಿಂದ.

ನಿಮ್ಮಂಥ ಸಣ್ಣ ವರ್ಕ್‌ಶಾಪಿನವರಿಗೂ ಇದು ಗೊತ್ತಿರಬೇಕು, ಅಲ್ವಾ? ಮಾಲು ತಗೊಂಡ ದೊಡ್ಡ ಕಂಪನಿ ಬಿಲ್ಲಿನ ಬಗ್ಗೆ ತಕರಾರು ತೆಗೆದು, ‘ಕೋರ್ಟಲ್ಲಿ ತೀರ್ಮಾನ ಆಗಲಿ, ಆಮೇಲೆ ಕೊಡ್ತೀವಿ’ ಅಂದರೆ ನೀವು ಸುಮ್ನೆ ಕೂರುತ್ತೀರಾ? ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ, ಒಂದಕ್ಷರ ಬಿಡದೆ ಹಾಕುತ್ತೇನೆ.