ಮೊದಲು ರಬ್ಬರ್ ಕೊಳವೆಯೊಳಗಿನ ತಂತಿ ನೋಡಿ

ನಿಮ್ಮ ಕಾರಿನ ಮೂರು ಬಾಗಿಲುಗಳು ರಿಮೋಟ್‌ಗೆ ಲಾಕ್ ಆಗುತ್ತವೆ, ಹಿಂದಿನ ಎಡ ಬಾಗಿಲು ಮಾತ್ರ ಕೆಲವೊಮ್ಮೆ ಸುಮ್ಮನಿರುತ್ತದೆ ಎಂದಿದ್ದೀರಿ. ಹಾಗಿದ್ದರೆ ಫ್ಯೂಸ್ ಮೇಲೆ ಅನುಮಾನ ಬೇಡ. ಸಾಮಾನ್ಯವಾಗಿ ನಾಲ್ಕಕ್ಕೂ ಅದು ಒಂದೇ. ಆ ಬಾಗಿಲಿಗೂ ಅದನ್ನು ಜೋಡಿಸಿರುವ ಕಾರಿನ ಕಂಬಕ್ಕೂ ನಡುವೆ ಇರುವ ಕಪ್ಪು ರಬ್ಬರ್ ಕೊಳವೆಯನ್ನು ಸರಿಸಿ, ತಂತಿಗಳನ್ನು ಒಂದೊಂದಾಗಿ ಮೆಲ್ಲನೆ ಎಳೆಯಿರಿ. ಬಾಗಿಲು ತೆರೆದಾಗಲೆಲ್ಲ ಅವು ಬಾಗುವುದು ಅಲ್ಲೇ. ನನ್ನ ಕಾರಿನಲ್ಲಿ ಹೊರಗಿನ ಹೊದಿಕೆ ಚೆನ್ನಾಗಿಯೇ ಕಾಣುತ್ತಿತ್ತು; ಎಳೆದರೆ ಹಿಗ್ಗಿತು, ಒಳಗೆ ತಾಮ್ರ ತುಂಡಾಗಿ ಹಸಿರುಗಟ್ಟಿತ್ತು. ಅದನ್ನು ನೋಡುವ ಮೊದಲೇ ಬಾಗಿಲು ಲಾಕ್ ಮಾಡುವ ಹೊಸ ಮೋಟಾರಿಗೆ ಹಣ ಸುರಿದಿದ್ದೆ, ನಿಮಗೆ ಹಾಗಾಗುವುದು ಬೇಡ.

ತಂತಿ ಗಟ್ಟಿಯಿದ್ದರೆ ಮಾತ್ರ ಬಾಗಿಲಿನ ಒಳಹಲಗೆ ಬಿಚ್ಚಿ, ಮೋಟಾರಿನ ಕನೆಕ್ಟರಿಗೆ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಸಾಧನ) ಹಿಡಿದು ರಿಮೋಟ್ ಒತ್ತಿ. ಕ್ಷಣಕಾಲ ಸುಮಾರು 12 ವೋಲ್ಟ್ ಬಂದರೂ ಮೋಟಾರು ಅಲುಗದಿದ್ದರೆ ದೋಷ ಅದರದ್ದೇ.