ಎರಡು ಎಡಾಟ್ ಮೆಷಿನ್ ಮತ್ತು ಕಂಪ್ಯೂಟರ್ ಒಟ್ಟಿಗೆ ಓಡಬೇಕಾದರೆ ಯಾವ ಟೈಮ್‌ಕೋಡ್ ಬಾಕ್ಸ್ ತಗೊಳ್ಳಲಿ?

ಯಾವುದೂ ತಗೊಳ್ಳಬೇಡಿ. ಇದೇ ಪ್ರಶ್ನೆ ಹಿಡಿದುಕೊಂಡು ವಿರಾಜಪೇಟೆಯಿಂದ ಬೆಂಗಳೂರಿನ ಎಸ್‌ಪಿ ರೋಡ್‌ವರೆಗೆ ಅಲೆದವನು ನಾನು.

ತೋಟದ ಮನೆಯಲ್ಲಿ ಕಾಫಿ ಚೀಲ ಇಡುತ್ತಿದ್ದ ಕೋಣೆಯೇ ನನ್ನ ಸ್ಟುಡಿಯೋ. ಸೆಕೆಂಡ್ ಹ್ಯಾಂಡ್ ಅಲೆಸಿಸ್ ಎಡಾಟ್ ಒಂದು, ಕಂಪ್ಯೂಟರ್ ಒಂದು. ಎಡಾಟ್ ಗೊತ್ತಿಲ್ಲದವರೂ ಇದನ್ನು ಓದಬಹುದು, ಅದಕ್ಕೆ ಹೇಳುತ್ತೇನೆ: 1990ರ ದಶಕದ ಶುರುವಿನಲ್ಲಿ ಬಂದ ಮೆಷಿನ್ ಅದು. ಎಸ್-ವಿಎಚ್ಎಸ್ ವಿಡಿಯೋ ಕ್ಯಾಸೆಟ್ ಮೇಲೆ 8 ಟ್ರ್ಯಾಕ್ ಡಿಜಿಟಲ್ ಆಡಿಯೋ ಬರೆಯುತ್ತದೆ. 120 ನಿಮಿಷದ ಕ್ಯಾಸೆಟ್‌ನಲ್ಲಿ ಸಿಗೋದು ಸುಮಾರು 40 ನಿಮಿಷ.

ಪುತ್ತರಿ ಕಳೆದ ಮೇಲೆ ನಮ್ಮ ಐನ್‌ಮನೆಯ ಜಗಲಿಯಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿ ದುಡಿಕೊಟ್ಟ್ ಪಾಟ್ (ದುಡಿ ಅನ್ನೋ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವರ ಹಾಡು) ರೆಕಾರ್ಡ್ ಮಾಡಿದೆ. ಅರ್ಧ ಗಂಟೆ ಒಂದೇ ಓಟ. ಅದರ ಒಂದು ಕಾಪಿಯನ್ನು ಮಾಮೂಲಿ ಅನಲಾಗ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಎಳೆದುಕೊಂಡೆ. ಆ ಕಾಪಿ ಕೇಳಿಕೊಂಡು ಮೈಸೂರಿನಿಂದ ಬಂದ ಗೆಳೆಯ ಕೊಳಲು ನುಡಿಸಿದ. (ದುಡಿಪಾಟಿಗೆ ಕೊಳಲು ಯಾಕೆ ಅಂತ ಬೈಬೇಡಿ. ವಯಸ್ಸು ಹಾಗಿತ್ತು.) ಆಮೇಲೆ ಟೇಪ್‌ನಲ್ಲಿರುವ ದನಿ, ಕಂಪ್ಯೂಟರ್‌ನಲ್ಲಿರುವ ಕೊಳಲು, ಎರಡನ್ನೂ ಒಟ್ಟಿಗೆ ಓಡಿಸಬೇಕಿತ್ತು. ಎಡಾಟ್‌ನ ಹಿಂದಿರುವ 9 ಪಿನ್ ಸಿಂಕ್ ಪೋರ್ಟಿಗೆ ಸಿಕ್ಕಿಸಿ ಮಿಡಿ ಟೈಮ್‌ಕೋಡ್, ಅಂದರೆ ಟೇಪ್ ಎಲ್ಲಿಗೆ ಬಂದಿದೆ ಅಂತ ಕಂಪ್ಯೂಟರ್‌ಗೆ ತಿಳಿಸುವ ಸಂಕೇತ, ಹೊರಡಿಸುವ ಬಾಕ್ಸ್ ತಂದೆ. ಟೇಪ್ ಪ್ಲೇ ಒತ್ತಿದರೆ ಕಂಪ್ಯೂಟರ್ ತಾನಾಗಿಯೇ ಶುರು. ಕೆಲಸ ಮುಗೀತು ಅಂದುಕೊಂಡೆ.

ಕಾಪಿಯಲ್ಲೂ ದುಡಿ ಇತ್ತಲ್ವಾ, ಅದನ್ನೂ ಮ್ಯೂಟ್ ಮಾಡದೆ ಕೇಳಿದೆ. ಶುರುವಿನಲ್ಲಿ ಕೋಲಿನ ಪೆಟ್ಟು ಒಂದೇ, ಗಟ್ಟಿಯಾಗಿ. ಸ್ವಲ್ಪ ಹೊತ್ತಿಗೆ ಸದ್ದು ಟೊಳ್ಳಾಯಿತು. ಹಾಡು ಮುಗಿಯುವಷ್ಟರಲ್ಲಿ ಪ್ರತಿ ಪೆಟ್ಟೂ ಟಕ್-ಟಕ್ ಅಂತ ಎರಡು.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನೀವು ಹೋಗುತ್ತಿರುವುದೂ ಇದೇ ದಾರಿ. ಟೈಮ್‌ಕೋಡ್ ಹೇಳೋದು ಟೇಪ್ ಈಗ ಎಲ್ಲಿದೆ ಅಂತ ಮಾತ್ರ. ಎಷ್ಟು ವೇಗದಲ್ಲಿ ಓಡಬೇಕು ಅಂತ ಅದು ಹೇಳೋದಿಲ್ಲ. ವೇಗ ಹಿಡಿಯೋದು ಕ್ಲಾಕ್, ಅಂದರೆ ಮೆಷಿನ್ ಒಳಗೆ ತಾಳ ಹಾಕುವ ಗಡಿಯಾರ. ಎಡಾಟ್ ಒಳಗೆ ಒಂದು ಕ್ರಿಸ್ಟಲ್, ಸೌಂಡ್ ಕಾರ್ಡ್ ಒಳಗೆ ಇನ್ನೊಂದು. ಎರಡೂ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದರೆ ಸದ್ದಿನ ಅಳತೆ) ಅನ್ನುತ್ತವೆ, ಆದರೆ ಯಾವ ಎರಡು ಕ್ರಿಸ್ಟಲ್ಲೂ ಒಂದೇ ಸಮ ಇರೋದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ. 4 ನಿಮಿಷದ ಸಿನಿಮಾ ಹಾಡಿನಲ್ಲಿ ಅದು 12 ಮಿಲಿಸೆಕೆಂಡ್, ಎರಡು ಪೆಟ್ಟಾಗಿ ಯಾರ ಕಿವಿಗೂ ಬೀಳೋದಿಲ್ಲ. 30 ನಿಮಿಷಕ್ಕೆ 90 ಮಿಲಿಸೆಕೆಂಡ್. ದುಡಿ ಎರಡಾಗೋದು ಅಲ್ಲೇ. ನನ್ನ ಕಂಪ್ಯೂಟರ್ ಸರಿಯಾದ ಜಾಗದಲ್ಲೇ ಹೊರಡುತ್ತಿತ್ತು, ಹೊರಟ ಮೇಲೆ ತನ್ನ ಕ್ಲಾಕ್ ಹಿಡಿದು ತನ್ನ ಪಾಡಿಗೆ ಹೋಗುತ್ತಿತ್ತು. ಎಡಾಟ್‌ನ ಪಿಚ್ ಬಟನ್ ಒಂದೇ ಒಂದು ಸೆಂಟ್ (ಒಂದು ಸ್ವರಸ್ಥಾನದ ನೂರನೇ ಒಂದು ಪಾಲು) ಆಚೀಚೆ ಆಗಿದ್ದರಂತೂ ಕೇಳೋದೇ ಬೇಡ, ಅರ್ಧ ಗಂಟೆಗೆ ಒಂದು ಸೆಕೆಂಡೇ ಜಾರುತ್ತದೆ.

ನನಗೆ ಇದು ಹೊಳೆಯಲಿಲ್ಲ. ಬಾಕ್ಸ್ ಕೆಟ್ಟದ್ದು ಅಂತ ಇನ್ನೂ ದುಬಾರಿ ಬಾಕ್ಸ್ ತಂದೆ. ಅದರಲ್ಲೂ ಅದೇ ಕಥೆ. ಕೊನೆಗೆ ಕೊಳಲನ್ನು ತುಂಡು ತುಂಡು ಕತ್ತರಿಸಿ, ಎರಡೆರಡು ಸಾಲಿಗೊಮ್ಮೆ ಎಳೆದು ಕೂರಿಸಿ, ಹಳೇ ಫೈಲ್ ಮೇಲೇ ಸೇವ್ ಮಾಡಿಬಿಟ್ಟೆ. ಅರ್ಧ ಉಸಿರಿಗೆ ಸ್ವರ ಕಡಿದುಹೋಗಿತ್ತು. ನುಡಿಸಿದವನು ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ಇಷ್ಟೆಲ್ಲ ಆದ ಮೇಲೆ ನೋಡಿದರೆ, ಸೌಂಡ್ ಕಾರ್ಡ್ ಸೆಟ್ಟಿಂಗ್‌ನಲ್ಲಿ ಕ್ಲಾಕ್ ಸೋರ್ಸ್ ಅಂತ ಒಂದು ಮೆನು. ಅದು ‘ಇಂಟರ್ನಲ್’ ಅಂತ ಕೂತಿತ್ತು. ಎಡಾಟ್‌ನ ಆಪ್ಟಿಕಲ್ ಕೇಬಲ್ ಕಾರ್ಡಿಗೆ ಹಾಕಿ, ಆ ಮೆನುವನ್ನು ‘ಎಡಾಟ್’ ಮಾಡಿದರೆ ಸಾಕಿತ್ತು. 8 ಟ್ರ್ಯಾಕ್ ಆಡಿಯೋ ಮತ್ತು ಕ್ಲಾಕ್ ಎರಡೂ ಅದೇ ಕೇಬಲ್‌ನಲ್ಲಿ ಬರುತ್ತವೆ.

ಈಗ ನಿಮ್ಮ ವಿಷಯ. ಟೇಪನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಓಡಿಸುವ ಆಸೆಯನ್ನೇ ಬಿಡಿ. ಕಂಪ್ಯೂಟರ್‌ಗೆ 8 ಟ್ರ್ಯಾಕ್ ಓಡಿಸೋದೇ ಕಷ್ಟವಾಗಿದ್ದ ಕಾಲದ ಉಪಾಯ ಅದು. ಈಗ ಟೇಪನ್ನು ಒಂದು ಸಲ ಆಪ್ಟಿಕಲ್‌ನಲ್ಲಿ ಒಳಗೆ ಎಳೆದುಕೊಳ್ಳಿ, ಮಿಕ್ಕಿದ್ದೆಲ್ಲ ಕಂಪ್ಯೂಟರ್‌ನಲ್ಲೇ ಮಾಡಿ. ಡಿಜಿಟಲ್ ಟೇಪ್ ಸದ್ದೇ ಬೇರೆ ಅಂತ ಕೆಲವರು ಹೇಳುತ್ತಾರೆ, ಸುಮ್ನೆ ಮಾತು. ಟೇಪ್ ಮೇಲಿರೋದು ಅಂಕಿಗಳು. ಆಪ್ಟಿಕಲ್‌ನಲ್ಲಿ ತಂದರೆ ಅವೇ ಅಂಕಿಗಳು ಬರುತ್ತವೆ.

ನಿಮ್ಮ ಹತ್ತಿರ ಎರಡು ಮೆಷಿನ್ ಇದೆ, ಕಾರ್ಡ್‌ನಲ್ಲಿ ಆಪ್ಟಿಕಲ್ ಇನ್ ಒಂದೇ ಇದ್ದರೆ? ಆಗಲೂ ಬಾಕ್ಸ್ ಬೇಡ. ಮೊದಲ ಟೇಪ್ ಎಳೆಯಿರಿ, ಆಮೇಲೆ ಎರಡನೆಯದು. ಎರಡು ಸಲವೂ ಕ್ಲಾಕ್ ಎಡಾಟ್‌ದೇ ಇರಲಿ. ಆಗ ಟೇಪಿನಿಂದ ಬಂದ ಒಂದೊಂದು ಸ್ಯಾಂಪಲ್ಲಿಗೆ ಕಂಪ್ಯೂಟರ್‌ನಲ್ಲೂ ಒಂದೇ ಸ್ಯಾಂಪಲ್, ಮೆಷಿನ್ ಚೂರು ನಿಧಾನ ಓಡಿದರೂ ಲೆಕ್ಕ ತಪ್ಪೋದಿಲ್ಲ. ರೆಕಾರ್ಡ್ ಮಾಡುವಾಗ ಎರಡು ಮೆಷಿನ್ನೂ ಸಿಂಕ್ ಕೇಬಲ್‌ನಲ್ಲಿ ಜೋಡಿಸಿದ್ದರೆ, ಶುರುವಿನಲ್ಲಿ ಒಂದು ಕಡೆ ಕೂರಿಸಿದ್ದು ಕೊನೆಯವರೆಗೂ ಹಾಗೇ ಇರುತ್ತದೆ. ಕೂರಿಸೋಕೆ ಗುರುತು ಬೇಕಲ್ವಾ? ಎಲ್ಲರನ್ನೂ ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡಿದ್ದರೆ, ಒಂದು ಟೇಪ್‌ನ ತಾಳವಾದ್ಯ ಇನ್ನೊಂದು ಟೇಪ್‌ನ ದನಿಯ ಮೈಕಿಗೂ ಸೋರಿರುತ್ತದೆ. ಆ ಪೆಟ್ಟು ನೋಡಿಕೊಂಡು ಸರಿಸಿ.

ಸಾಫ್ಟ್‌ವೇರ್‌ನಲ್ಲೂ 48 ಅಂತಲೇ ಇಡಿ. 44.1ರಲ್ಲಿ ಇಟ್ಟು ಎಳೆದರೆ ಆಮೇಲೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದು, ಹಾಡುವವರೆಲ್ಲ ನಿದ್ದೆಗಣ್ಣಲ್ಲಿದ್ದ ಹಾಗೆ ಕೇಳುತ್ತದೆ.

ಕೆಲಸ ಬೇಸಿಗೆಯಲ್ಲೇ ಮುಗಿಸಿ. ಕಕ್ಕಡದ (ನಮ್ಮ ಕಡೆ ಆಟಿ ತಿಂಗಳು) ಮಳೆಯಲ್ಲಿ ಟೇಪ್‌ಗೆ ಬಿಳಿ ಬೂಸ್ಟು ಹಿಡಿಯುತ್ತದೆ, ಅದು ಟೇಪ್ ಓದುವ ಹೆಡ್‌ಗೂ ಮೆತ್ತಿಕೊಳ್ಳುತ್ತದೆ. ನಾನು ಟೇಪ್‌ಗಳನ್ನು ಸಣ್ಣ ಬಲ್ಬ್ ಉರಿಯುವ ಬೀರುವಿನಲ್ಲಿ ಇಡುತ್ತೇನೆ. ಮೆಷಿನ್ ಯುಪಿಎಸ್ ಮೇಲೇ ಇರಲಿ. ಹೆಡ್ ಕೂತಿರುವ, ತಿರುಗುವ ಡ್ರಮ್‌ಗೆ ಟೇಪ್ ಸುತ್ತಿಕೊಂಡಿರುವಾಗ ಕರೆಂಟ್ ಹೋದರೆ ಬಿಡಿಸೋದು ದೊಡ್ಡ ರಗಳೆ. ರಿಪೇರಿಗೆ ಹಳೇ ವಿಸಿಆರ್ ಮೆಕ್ಯಾನಿಕ್‌ನನ್ನು ಹುಡುಕಿ. ಹೆಡ್ ಒರೆಸೋದು, ರಬ್ಬರ್ ಚಕ್ರ ಬದಲಿಸೋದು ಅವರಿಗೆ ನೀರು ಕುಡಿದಷ್ಟು ಸುಲಭ.

ಬಾಕ್ಸ್‌ಗೆ ಇಟ್ಟ ದುಡ್ಡಲ್ಲಿ ಆಪ್ಟಿಕಲ್ ಇನ್ ಇರುವ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರ್‌ಗೆ ಹೊರಗಿನಿಂದ ಸಿಕ್ಕಿಸುವ ಸೌಂಡ್ ಕಾರ್ಡ್) ತಗೊಳ್ಳಿ. ಒಂದು ಎಚ್ಚರ ಮಾತ್ರ: ಎರಡೇ ಚಾನೆಲ್ ಸಾಗಿಸುವ ಎಸ್‌ಪಿಡಿಫ್ ಅನ್ನೋ ಡಿಜಿಟಲ್ ಸಂಪರ್ಕಕ್ಕೂ ಅದೇ ಚೌಕದ ಪೋರ್ಟ್ ಇರುತ್ತದೆ, ಕೇಬಲ್ಲೂ ಅದೇ. ವಿವರದಲ್ಲಿ ‘ಎಡಾಟ್, 8 ಚಾನೆಲ್’ ಅಂತ ಬರೆದಿದ್ದರೆ ಮಾತ್ರ ದುಡ್ಡು ಕೊಡಿ.